ನೀಲಿ ಬಾಣದ ಜೊತೆ ನಾಲ್ಕು ಹೆಜ್ಜೆ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದವರು ಒಂದು ಗಳಿಗೆ ಗಕ್ಕನೆ ನಿಲ್ಲುತ್ತಾರೆ. ಅವೆನ್ಯೂ ರಸ್ತೆ ಎಡಕ್ಕೋ, ಬಲಕ್ಕೋ? ಪತ್ರಿಕೆಯ ಪ್ರತಿನಿಧಿಯೂ ನಿಂತು ಫೋನಿನ ಕ್ಯಾಮೆರಾ ಎತ್ತಿ ಹಿಡಿದರು. ಸೀರೆ ಅಂಗಡಿಯ ಬೋರ್ಡಿನ ಮುಂದೆ, ಗಾಳಿಯಲ್ಲಿ ತೇಲುತ್ತ, ನೀಲಿ ಬಾಣವೊಂದು ಪ್ರತ್ಯಕ್ಷವಾಯಿತು. ಸಂದರ್ಶನ ನಡುಬೀದಿಯಲ್ಲೇ ಶುರುವಾಯಿತು.

'ತಾವು ಯಾರು?'

'ಆಗ್ಮೆಂಟೆಡ್ ರಿಯಾಲಿಟಿ ಮಾರ್ಗದರ್ಶಿ. ಇರೋ ಬೀದಿ ಮೇಲೆ ಇಲ್ಲದ ಗುರುತು ಬರೆಯೋದು ನನ್ನ ಕಸುಬು.'

'ಅದಕ್ಕೆ ಜಿಪಿಎಸ್ ಸಾಲದೆ?'

ಪ್ರಶ್ನೆ ಬಾಣಕ್ಕೇ ನಾಟಿತು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಮೇಲೆ ಅದಕ್ಕೆ ಹಿರಿಯರೆಂಬ ಗೌರವವಿದೆ, ನಂಬಿಕೆ ಇಲ್ಲ. ಬಟ್ಟಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ಹೇಳುತ್ತದೆ. ಪೇಟೆಯ ಇಕ್ಕಟ್ಟಿನಲ್ಲಿ ಸಿಗ್ನಲ್ ಗೋಡೆಗೆ ಬಡಿದು ಸುತ್ತಿಬಳಸಿ ಬರುವುದರಿಂದ ಲೆಕ್ಕ ಇನ್ನೂ ಕೆಡುತ್ತದೆ. 'ಐದು ಮೀಟರ್ ಅಂದ್ರೆ ಇಲ್ಲಿ ಪಕ್ಕದ ಓಣಿ, ಸ್ವಾಮಿ!' ಇನ್ನು ಫೋನಿನೊಳಗಿನ ದಿಕ್ಸೂಚಿ: ಕಾರು, ಪೈಪು, ಕಟ್ಟಡದ ಕಬ್ಬಿಣ ಹತ್ತಿರವಿದ್ದರೆ ಅದರ ತಲೆ ತಿರುಗುತ್ತದೆ, ಕೆಲವೊಮ್ಮೆ 180 ಡಿಗ್ರಿವರೆಗೂ.

'ಹಾಗಾದರೆ ನಿಮಗೆ ಹೇಗೆ ಗೊತ್ತಾಗುತ್ತೆ?'

'ಮುಖ ನೋಡಿ ಗುರುತು ಹಿಡೀತೀನಿ. ಬೀದಿಯ ಮುಖ.'

ಕ್ಯಾಮೆರಾ ಕಂಡ ದೃಶ್ಯದಿಂದ ಗೋಡೆಯ ಮೂಲೆ, ಕಿಟಕಿಯ ಚೌಕಟ್ಟು, ಸಜ್ಜದ ಅಂಚುಗಳನ್ನು ಹೆಕ್ಕಿ, ಗೂಗಲ್‌ನ ಸ್ಟ್ರೀಟ್ ವ್ಯೂ ಬೀದಿಚಿತ್ರಗಳಿಂದ ಮೊದಲೇ ಕಟ್ಟಿಟ್ಟ ಭಂಡಾರದೊಂದಿಗೆ ತಾಳೆ ನೋಡಲಾಗುತ್ತದೆ. ತಾಳೆಯಾದರೆ ನಿಂತ ಜಾಗ, ಮುಖ ಮಾಡಿದ ದಿಕ್ಕು ಎರಡೂ ಒಟ್ಟಿಗೆ ಸಿಗುತ್ತವೆ. ಜಿಪಿಎಸ್‌ನ ಪಾಲಿಗೆ ಉಳಿಯುವುದು, ಹುಡುಕಾಟ ಚಿಕ್ಕಪೇಟೆಯಲ್ಲಿ ನಡೆಯಲಿ, ಚಿಕ್ಕಮಗಳೂರಿನಲ್ಲಲ್ಲ ಎಂದು ಹೇಳುವ ಕೆಲಸ. ಆಮೇಲೆ ಕ್ಯಾಮೆರಾ, ಜೈರೊಸ್ಕೋಪ್, ಆಕ್ಸಿಲರೋಮೀಟರ್ ಸೇರಿ ಫೋನ್ ಎಷ್ಟು ಸರಿಯಿತು, ಎತ್ತ ವಾಲಿತು ಎಂದು ಲೆಕ್ಕ ಇಡುತ್ತವೆ. ಕೈ ನಡುಗಿದರೂ ಬಾಣ ಬೀದಿಗೆ ಅಂಟಿಕೊಂಡಂತೆ ಕಾಣುವುದು ಇದರಿಂದ.

ಗುರುತಿಗೆ ಮರ ಆಗಿಬರುವುದಿಲ್ಲ. ಎಲೆ ಉದುರುತ್ತದೆ, ಕೊಂಬೆ ಚಾಚುತ್ತದೆ. ಬದಲಾಗದ ಕಟ್ಟಡವೇ ಬೇಕು.

'ಬೆಂಗಳೂರಲ್ಲಿ ಬದಲಾಗದ ಕಟ್ಟಡವೆ?'

ಬಾಣ ಮಾಯವಾಯಿತು. ಎದುರಿನ ಕಟ್ಟಡಗಳತ್ತ ಕ್ಯಾಮೆರಾ ಹಿಡಿಯಿರಿ ಎಂಬ ಸೂಚನೆ ಬಂತು. ಮುಜುಗರವಾದಾಗಲೆಲ್ಲ ಅದು ಹೀಗೇ.

ಬಾಣ ಮರಳಿದ ಮೇಲೆ ಮಾತು ಅದರ ನೌಕರಿಯತ್ತ ಹೊರಳಿತು. 2018ರ ಗೂಗಲ್ ಸಮಾವೇಶದಲ್ಲಿ ದಾರಿ ತೋರಿಸುವ ಪುಟ್ಟ ನರಿಯೊಂದನ್ನು ಪ್ರದರ್ಶಿಸಲಾಗಿತ್ತು. 2019ರ ಆಗಸ್ಟ್‌ನಲ್ಲಿ ಗೂಗಲ್ ನಕಾಶೆಯ ಈ ಸೌಲಭ್ಯ, ‘ಲೈವ್ ವ್ಯೂ’, ಜನರ ಫೋನುಗಳಿಗೆ ಬಂದಾಗ ಕೆಲಸ ಸಿಕ್ಕಿದ್ದು ಬಾಣಕ್ಕೆ. 'ನರಿ ಮುದ್ದಾಗಿತ್ತು. ಅದನ್ನೇ ನೋಡ್ತಾ ಜನ ಬಸ್ಸಿಗೆ ಅಡ್ಡ ಹೋಗೋರು,' ಎಂದು ಬಾಣ ಬೇಡದ ವಿವರಣೆ ಕೊಟ್ಟಿತು.

ಈ ಊರಿಗೆ ಬರಲು ತಡವಾದದ್ದರಲ್ಲಿ ತನ್ನ ತಪ್ಪಿಲ್ಲ ಎಂಬುದು ಅದರ ವಾದ. ಸ್ಟ್ರೀಟ್ ವ್ಯೂ ಕಾರುಗಳು 2011ರಲ್ಲೇ ಬೆಂಗಳೂರಿನ ಬೀದಿಗಿಳಿದಿದ್ದವು; ಪೊಲೀಸರ ಆಕ್ಷೇಪದಿಂದ ನಿಂತವು. 2022ರಲ್ಲಿ ಗೂಗಲ್ ಜೆನೆಸಿಸ್, ಟೆಕ್ ಮಹೀಂದ್ರಾ ಕಂಪನಿಗಳ ಜೊತೆಗೂಡಿ ಹತ್ತು ನಗರಗಳ ಚಿತ್ರಗಳನ್ನು ತಂದಿತು. ನಡೆದು ಹೋಗುವವರಿಗೆ ಲೈವ್ ವ್ಯೂ 3,000ಕ್ಕೂ ಹೆಚ್ಚು ಊರುಗಳಲ್ಲಿ ಸಿಗಲಿದೆ ಎಂಬ ಘೋಷಣೆಯಾದದ್ದು 2023ರ ಡಿಸೆಂಬರಿನಲ್ಲಿ.

'ಫುಟ್‌ಪಾತಿನ ಚಪ್ಪಡಿ ಎಲ್ಲಿ ಕಿತ್ತುಹೋಗಿದೆ ಅಂತ ಹೇಳ್ತೀರಾ?'

'ಅದು ನನ್ನ ಇಲಾಖೆಗೆ ಬರಲ್ಲ.'

ನಿಜ. ಅದರ ಕಣ್ಣೆಲ್ಲ ಸಜ್ಜ, ಕಿಟಕಿಗಳ ಮೇಲೆ. ಅದಕ್ಕೇ ಇರಬೇಕು, ನಡೆಯುವಾಗ ಫೋನ್ ಇಳಿಸಿ ಎಂದು ಆಪ್ ತಾನೇ ಎಚ್ಚರಿಸುತ್ತದೆ. ನನ್ನನ್ನು ನೋಡಬೇಡಿ ಎನ್ನುವ ಮಾರ್ಗದರ್ಶಿ ಬೇರೆಲ್ಲೂ ಸಿಗಲಾರ. ಪ್ರತಿನಿಧಿ ಫೋನ್ ಇಳಿಸಿದರು. ಬಾಣ ಹೋಗಿ ಮಾಮೂಲಿ ನಕಾಶೆ ಬಂತು. ಸಂದರ್ಶನ ಮುಗಿಯಿತು.

ಚಿಕ್ಕಪೇಟೆಯಲ್ಲಿ ಬಾಣವನ್ನು ಭೇಟಿಯಾಗಬೇಕೆನ್ನುವ ಓದುಗರು ದಯವಿಟ್ಟು ಗೋಡೆಗೆ ಒತ್ತಿ ನಿಲ್ಲಿ. ಹಿಂದೆ ಮೂಟೆ ಹೊತ್ತವರು ಬರುತ್ತಿರುತ್ತಾರೆ.