ನೂರಾ ಎರಡರ ನೆಂಟಸ್ತಿಕೆ

ನಮ್ಮ ಅಜ್ಜಿ ನಮಗೆ ಅಜ್ಜಿ, ಅಮ್ಮನಿಗೆ ಅತ್ತೆ, ಪಕ್ಕದ ಮನೆಯವರಿಗೆ ಪದ್ದಕ್ಕ. ಮೂರು ಕೂಗಿಗೂ ಓಗೊಡುತ್ತಿದ್ದವಳು ಒಬ್ಬಳೇ. ಇಷ್ಟು ಬಲ್ಲ ನಾನು 2001ರಲ್ಲಿ ರೂಟರಿನ ಮುಂದೆ ಕೂತಾಗ ಮಾತ್ರ ಅದನ್ನು ಮರೆತೆ.

ಆಗ ಫ್ರೇಮ್ ರಿಲೇ ಕಾಲ. ಊರೂರಿಗೂ ಬೇರೆ ಬೇರೆ ಲೀಸ್ಡ್ ಲೈನ್ ಹಾಕಿಸುವ ತಾಕತ್ತಿಲ್ಲದ ಕಂಪನಿಗಳು ಟೆಲಿಕಾಂನವರ ಸ್ವಿಚ್ಚಿನವರೆಗೆ ಒಂದೇ ತಂತಿ ಹಾಕಿಸಿಕೊಂಡು, ಅದರೊಳಗೇ ಊರಿಗೊಂದರಂತೆ ಪಿವಿಸಿ ಎಂಬ ಕಣ್ಣಿಗೆ ಕಾಣದ ದಾರಿ ಬಾಡಿಗೆಗೆ ಪಡೆಯುತ್ತಿದ್ದವು. ಒಪ್ಪಿಕೊಂಡ ವೇಗಕ್ಕಿಂತ ಹೆಚ್ಚು ಡೇಟಾ ತುಂಬಿದರೆ ಹೆಚ್ಚುವರಿಗೆಲ್ಲ ಗುರುತು ಬೀಳುತ್ತಿತ್ತು. ರಶ್ಶಾದಾಗ ಫುಟ್‌ಬೋರ್ಡಿನವರಂತೆ ಮೊದಲು ಇಳಿಯಬೇಕಾದವರು ಅವರೇ. ರೂಟರು ಹತ್ತು ಸೆಕೆಂಡಿಗೊಮ್ಮೆ ಸ್ವಿಚ್ಚನ್ನು ‘ಇದ್ದೀಯಾ?’ ಎನ್ನಬೇಕು, ಅದು ‘ಇದ್ದೀನಿ’ ಎನ್ನಬೇಕು. ಆರನೇ ಸಲಕ್ಕೆ ಎಲ್ಲ ಪಿವಿಸಿಗಳ ಯೋಗಕ್ಷೇಮ ವರದಿ. ಪ್ರತಿ ದಾರಿಗೂ ಡಿಎಲ್‌ಸಿಐ ಎಂಬ ನಂಬರು. ನಾನು ಮುಗ್ಗರಿಸಿದ್ದು ಅಲ್ಲೇ.

ಟೆಲಿಕಾಂನವರು ಕೊಟ್ಟ ಕಾಗದದಲ್ಲಿ ಹೀಗಿತ್ತು: ಬೆಂಗಳೂರು 102, ಹುಬ್ಬಳ್ಳಿ 201. ಹುಬ್ಬಳ್ಳಿಗೆ ಫೋನ್ ಮಾಡಲು ಹುಬ್ಬಳ್ಳಿ ನಂಬರನ್ನೇ ತಾನೇ ತಿರುಗಿಸುವುದು? ಬೆಂಗಳೂರಿನ ರೂಟರಿಗೆ 201 ಹಾಕಿದೆ. ಹುಬ್ಬಳ್ಳಿಯದಕ್ಕೆ 102 ಬರೆದು, ಥರ್ಮಾಕೋಲಿನಲ್ಲಿ ಸುತ್ತಿ, ರಾತ್ರಿ ಬಸ್ಸಿಗೆ ಏರಿಸಿದೆ.

ಬೆಳಿಗ್ಗೆ ಶಾಖೆಯ ಅಕೌಂಟೆಂಟರು ಫೋನಿಗೆ ಬಂದರು. “ದೀಪ ಎಲ್ಲಾ ಹತ್ತ್ಯಾವ್ರೀ ಸರ.” ದೀಪ ಹತ್ತಿದ್ದವು, ಲಿಂಕು ಹತ್ತಿರಲಿಲ್ಲ. ನೀಲಿ ಚಪ್ಪಟೆ ಕೇಬಲ್ಲನ್ನು ರೂಟರಿಗೂ ಕಂಪ್ಯೂಟರಿಗೂ ಹಾಕಿಸಿ, ಹೈಪರ್‌ಟರ್ಮಿನಲ್ ತೆರೆಸಿ, ‘ಶೋ ಫ್ರೇಮ್-ರಿಲೇ ಪಿವಿಸಿ’ ಎಂದು ಟೈಪ್ ಮಾಡಲು ಹೇಳಿದೆ.

“ಫ್ರೇಮ್‌ಗೂ ರಿಲೇಗೂ ನಡುವೆ ಒಂದು ಗೀಟು ಹಾಕಿ.”

“ಅಡ್ಡ ಗೀಟೋ ಉದ್ದ ಗೀಟೋ ರೀ?”

ಹತ್ತು ನಿಮಿಷದ ಮೇಲೆ ಗಾಬರಿಯ ದನಿ: “ಸರ, ಡಿಲೀಟೆಡ್ ಅಂತ ಬಂದೈತ್ರೀ. ನಾ ಏನೂ ಅಳಸಿಲ್ಲ ಮತ್ತ!”

ಆಕ್ಟಿವ್ ಅಂದರೆ ಎರಡೂ ಕಡೆ ಕ್ಷೇಮ. ಇನ್‌ಆಕ್ಟಿವ್ ಅಂದರೆ ನಮ್ಮ ಕಡೆ ಸರಿ, ಆಚೆ ಬೀಗರ ಕಡೆ ಏನೋ ತೊಡಕು. ಡಿಲೀಟೆಡ್ ಅಂದರೆ, ‘ಅಂಥವರು ನಮ್ಮ ಪೈಕಿ ಯಾರೂ ಇಲ್ಲ’ ಎಂದು ಸ್ವಿಚ್ಚು ಬಾಗಿಲು ಹಾಕಿಕೊಂಡ ಹಾಗೆ. ನಾನು ಕೇಬಲ್ಲನ್ನು ಶಂಕಿಸಿದೆ, ರೂಟರನ್ನು ಎರಡು ಸಲ ಆರಿಸಿ ಹೊತ್ತಿಸಿದೆ, ಟೆಲಿಕಾಂನವರಿಗೆ ಬಾಯಿಗೆ ಬಂದಂತೆ ಬೈದೆ. ಮಧ್ಯಾಹ್ನವಾಯಿತು.

“ಸರ, ಕೆಳಗ ಇನ್ನೊಂದ್ ನಂಬರ್ ಐತಲ್ರೀ, 201. ಆಕ್ಟಿವ್ ಅಂತೈತಿ, ಬಾಜೂಕ ಅನ್‌ಯೂಸ್ಡ್ ಅಂತೈತಿ. ಉಪಯೋಗಸದ ಸಾಮಾನಿಗೆ ಬಾಡಿಗಿ ಯಾಕ ಕಟ್ಟಾಕತ್ತೀವ್ರೀ?”

ನನ್ನ ಪರದೆ ನೋಡಿದೆ. ಅಲ್ಲಿಯೂ ನನ್ನ 201ರ ಪಕ್ಕದಲ್ಲೇ 102 ಬೆಳಗಿನಿಂದ ಚೀಲ ಹಿಡಿದು ಬಾಗಿಲಲ್ಲಿ ನಿಂತ ನೆಂಟನಂತೆ ಕಾಯುತ್ತಿತ್ತು. 102 ಬೆಂಗಳೂರಿನ ನಂಬರೇ ಅಲ್ಲ. ಬೆಂಗಳೂರು ಹುಬ್ಬಳ್ಳಿಯ ದಾರಿಯನ್ನು ಕರೆಯುವ ಹೆಸರು. ಡಿಎಲ್‌ಸಿಐ ಅಂಕಿತನಾಮವಲ್ಲ, ಸಂಬಂಧವಾಚಕ. ಅಮ್ಮ ‘ಅತ್ತೆ’ ಎನ್ನುತ್ತಾಳೆಂದು ನಾನೂ ಅಜ್ಜಿಯನ್ನು ‘ಅತ್ತೆ’ ಎಂದು ಕೂಗಿದಂತಾಗಿತ್ತು.

ಇಲ್ಲಿ 102, ಅಲ್ಲಿ 201 ಮಾಡಿ, ಯೋಗಕ್ಷೇಮ ವರದಿಗೆಂದು ಒಂದು ನಿಮಿಷ ಕಾದು, ಆಚೆ ತುದಿ ಓಗೊಡುತ್ತದೆಯೇ ನೋಡಲು ಪಿಂಗ್ ಹೊಡೆಯಿರಿ ಎಂದೆ.

“ಐದು ಆಶ್ಚರ್ಯಸೂಚಕ ಚಿಹ್ನೆ ಬಂದಾವ್ರೀ ಸರ. ಅದಕ್ಕೂ ಆಶ್ಚರ್ಯ ಆದಂಗೈತಿ.”

2016ರಲ್ಲಿ ನೆಟ್‌ವರ್ಕಿನವರ ಸಿಸಿಎನ್‌ಎ ಪರೀಕ್ಷೆಯ ಪಠ್ಯದಿಂದಲೂ ಫ್ರೇಮ್ ರಿಲೇ ಹೊರಬಿತ್ತು. ಈಗಿನ ಹುಡುಗರು ಡಿಎಲ್‌ಸಿಐ ಎಂದರೆ ಯಾವುದೋ ವಿಮಾ ಪಾಲಿಸಿ ಇರಬೇಕು ಎನ್ನುತ್ತಾರೆ. ನನಗೆ ಮಾತ್ರ ಪಾಠ ನಿಂತಿದೆ. ನನ್ನ ಮೊಬೈಲಿನಲ್ಲಿ ಹೆಂಡತಿಯ ನಂಬರು ‘ಮನೆ’ ಎಂದಿದೆ. ಅವಳ ಮೊಬೈಲಿನಲ್ಲಿ ನಾನು ಏನೆಂದಿದ್ದೇನೋ, ಇಣುಕಿ ನೋಡಿಲ್ಲ. ಅದು ಆ ತುದಿಯ ನಂಬರು. ಲಿಂಕು ಆಕ್ಟಿವ್ ಇದೆ, ಅಷ್ಟು ಸಾಕು.