ನಡಿಯಂಗಿಲ್ಲ ಮೀಮಾಂಸೆ

ಸಂಪ್ರದಾಯನಿಷ್ಠೆ ಎಂದರೇನು ಎಂಬುದಕ್ಕೆ ಕಾಶಿ, ಕಂಚಿಗಳ ಪಂಡಿತರು ಉದ್ದುದ್ದ ಗ್ರಂಥ ಬರೆದಿರಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆ ಆ ಶಾಸ್ತ್ರವನ್ನೆಲ್ಲ ಅರೆದು, ಸೋಸಿ, ಒಂದು ಸೂತ್ರಕ್ಕೆ ಇಳಿಸಿದೆ: ‘ನಮ್ಮಾಗ ನಡಿಯಂಗಿಲ್ಲ.’

ಭಾಷ್ಯ: ಈ ವಾಕ್ಯದಲ್ಲಿ ಬೇಡ ಅನ್ನುವವರು ಯಾರೆಂದು ಗೊತ್ತಾಗುವುದಿಲ್ಲ. ‘ನಾ ಬಿಡಂಗಿಲ್ಲ’ ಎಂದರೆ ಜಗಳ. ‘ದೇವರು ಬ್ಯಾಡಂದಾನ’ ಎಂದರೆ ಯಾವ ದೇವರು, ಯಾವಾಗ ಅಂದ ಎಂದು ಮೊಮ್ಮಗಳು ಕೇಳಿಯಾಳು. ‘ನಡಿಯಂಗಿಲ್ಲ’ ಎಂದುಬಿಟ್ಟರೆ ಕೇಳೋಣವೆಂದರೂ ಎದುರಿಗೆ ಯಾರೂ ಇರುವುದಿಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬ ಏಳುತ್ತಾನೆ. ‘ಲಿಂಗಾಯತರು ಇಷ್ಟು ತುಂಬಿದ ನಾಡಾಗ ಮಡಿ-ಮೈಲಿಗಿ ಎಲ್ಲಿಂದ ಬಂತ್ರೀ? ಜನನ, ಮರಣ, ಮುಟ್ಟು, ಎಂಜಲು, ಜಾತಿ, ಈ ಐದೂ ಸೂತಕ ಸುಳ್ಳು ಅಂತ ಶರಣರು ಹನ್ನೆರಡನೇ ಶತಮಾನದಾಗ ಹೇಳಿಲ್ಲೇನು?’ ಹೇಳಿದ್ದು ನಿಜ. ಕಲ್ಯಾಣದ ಗಲಭೆಯ ನಂತರ ಅವರು ಉಳವಿಯ ಕಡೆ ನಡೆದದ್ದೂ ಇದೇ ಸೀಮೆಯ ಮೂಲಕ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ಕಿತ್ತೂರಿನ ಮಗ್ಗುಲಲ್ಲೇ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯೊಳಗಿದೆ. ಸಿದ್ಧಾಂತವಿಷ್ಟೇ: ಶರಣರು ಹಾದುಹೋದರು, ಅತ್ತೆಯಂದಿರು ಉಳಿದರು.

ಇನ್ನು ಪ್ರಮಾಣವಿಚಾರ. ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಒಪ್ಪುತ್ತಾರೆ. ಈ ಸೀಮೆಯಲ್ಲಿ ಐದನೆಯದೊಂದು ಇದೆ, ಅದು ಮಂದಿಪ್ರಮಾಣ. ‘ಮಂದಿ ಏನಂದಾರು?’ ಎಂಬುದು ಅದರ ಸ್ವರೂಪ, ಮುಖಪರಿಚಯ ಇರುವಷ್ಟು ದೂರ ಅದರ ವ್ಯಾಪ್ತಿ. ಹೀಗಾಗಿ ಶ್ರಾವಣ ಸೋಮವಾರ ಬೈಲಹೊಂಗಲದ ವ್ರತಸ್ಥನೊಬ್ಬ ಪರಊರಿನ ಮಾಂಸದೂಟದ ಸಾವಜಿ ಖಾನಾವಳಿಯಲ್ಲಿ ಪರದೆಯ ಹಿಂದೆ ಕೂತರೆ ವ್ರತಕ್ಕೆ ಭಂಗವಿಲ್ಲ. ಊರಿನವನೇ ಒಬ್ಬ ಬಂದು ಆ ಪರದೆ ಸರಿಸಿದನೋ, ಆಗಲೂ ದೋಷವಿಲ್ಲ. ಅವನೂ ಅಲ್ಲಿಗೆ ಭಜನೆಗೆ ಬಂದಿರುವುದಿಲ್ಲವಷ್ಟೆ. ಕಿತ್ತೂರು ಬೈಲಹೊಂಗಲದಿಂದ ಒಡೆದು ಬೇರೆ ತಾಲೂಕಾದ ಮೇಲೆ ಪರಊರುಗಳ ಸಂಖ್ಯೆ ಹೆಚ್ಚಿತೋ ಎಂಬುದನ್ನು ಕಂದಾಯ ಇಲಾಖೆಯವರು ವಿಚಾರಿಸಬೇಕು.

ಆದರೆ ಈ ಶಾಸ್ತ್ರದ ತಿರುಳು ಇರುವುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ತಾಯಿ ಗಂಡನನ್ನು ಕಳೆದುಕೊಂಡು ಬಳೆ ಒಡೆಸಿಕೊಳ್ಳುತ್ತಾಳೆ. ಮಾಘದ ಭರತ ಹುಣ್ಣಿಮೆಗೆ ಗಂಡ ಜಮದಗ್ನಿ ಎದ್ದು ಕೂರುತ್ತಾನೆ, ತಾಯಿ ಮತ್ತೆ ಮುತ್ತೈದೆ. ‘ಉಧೋ ಉಧೋ’ ಎಂದು ಭಂಡಾರ ತೂರುವವರ ನಡುವೆ, ಮನೆಯಲ್ಲಿ ಉಡಿ ತುಂಬುವ ಹೊತ್ತಿಗೆ ಗಂಡ ಸತ್ತ ನಾದಿನಿಯನ್ನು ಒಳಗೇ ಕೂಡಿಸಿ ಬಂದವರೂ ಇರುತ್ತಾರೆ. ವಿರೋಧ ಬಂತಲ್ಲ ಎಂದರೆ, ಬರಲಿಲ್ಲ. ದೇವಿಯ ವೈಧವ್ಯಕ್ಕೆ ಎರಡು ತಿಂಗಳ ಅವಧಿ ಪಂಚಾಂಗದಲ್ಲೇ ಗೊತ್ತಾಗಿದೆ. ನಾದಿನಿಯದು ಇನ್ನೂ ಮಂಜೂರಾಗಿಲ್ಲ.

ಅದೇ ಗುಡ್ಡದ ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಊರಲ್ಲಿ ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ನೀರಿನ ಕೊಡ ಮುಟ್ಟಿದರೆ ಹೌಹಾರುವ ಹಿರಿಯಾಕೆ ಇಲ್ಲಿ ಪಕ್ಕದ ಟ್ರ್ಯಾಕ್ಟರಿನವರ ಒಲೆಯಿಂದ ಕೆಂಡ ತರುತ್ತಾಳೆ, ಉಪ್ಪೂ ತರುತ್ತಾಳೆ, ‘ನೀವ್ ಯಾ ಪೈಕಿ?’ ಎಂದು ಕೇಳುವುದಿಲ್ಲ. ಹೋಳಿಗೆ, ಕಡಬು ಮಾಡಿ ಜೋಗತಿಯ ಪಡ್ಡಲಗಿ ತುಂಬುತ್ತಾಳೆ. ಸೀರೆಯುಟ್ಟು ಕೊಡ ಹೊತ್ತ ಜೋಗಪ್ಪನ ಕಾಲಿಗೆ ಬೀಳುತ್ತಾಳೆ. ಮಗ ಕಿವಿಗೊಂದು ರಿಂಗು ಹಾಕಿಕೊಂಡು ಬಂದಾಗ ಊಟ ಬಿಟ್ಟವಳೂ ಇವಳೇ. ಗುಡ್ಡ ಇಳಿದು ಗಾಡಿ ಊರು ಮುಟ್ಟಿತೆಂದರೆ ಮತ್ತೆ ಕೊಡದ ಶಾಸ್ತ್ರ ಜಾರಿಗೆ ಬರುತ್ತದೆ. ಒಂದು ವಿಷಯದಲ್ಲಿ ಮಾತ್ರ ಭಾಷ್ಯಕಾರನಿಗೂ ನಗು ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವಾಗ ಎಷ್ಟೋ ಮನೆಗಳಲ್ಲಿ ಈ ಸೂತ್ರ ನೆನಪಾಗಲೇ ಇಲ್ಲ. ‘ನಡಿಯಂಗಿಲ್ಲ’ ಎನ್ನಲು 1982ರಲ್ಲಿ ಸರ್ಕಾರವೇ ಕಾಯ್ದೆ ಮಾಡಬೇಕಾಯಿತು.

ರಾಮದುರ್ಗಕ್ಕೆ ಒಂದೇ ಉದಾಹರಣೆ ಸಾಕು. ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿ ಶಬರಿ ಕಚ್ಚಿ ರುಚಿ ನೋಡಿದ ಬಾರಿಹಣ್ಣನ್ನು ರಾಮ ತಿಂದನೆಂದು ನಂಬಿಕೆ. ಆ ಕತೆಗೆ ಕಣ್ಣೀರು ಹಾಕಿ ಹೊರಬಂದವರು ನೀರಿನ ಬಾಟಲಿಯನ್ನು ತುಟಿಗೆ ತಾಗಿಸದೆ, ಒಂದು ಹನಿ ಅಂಗಿಗೆ ಬೀಳಿಸದೆ, ಮೇಲಿಂದ ಗಂಟಲಿಗೆ ಹೊಯ್ದುಕೊಳ್ಳುವ ಕೌಶಲ ನೋಡತಕ್ಕದ್ದು.

ಕಡೆಗೆ ಕಿತ್ತೂರು. ಈ ಸೀಮೆ ಕಂಡ ಕಡುಕರ್ಮಠರು ಐನಾರೂ ಅಲ್ಲ, ಆಚಾರ್ಯರೂ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯವರು. ಅವರ ಮಡಿಗೆ ದೇವರು ಕಾಗದ. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಶಿವಲಿಂಗಪ್ಪನ ದತ್ತಕವಾಗಿತ್ತು. ಮಕ್ಕಳಿಲ್ಲದ ಮನೆಗೆ ದತ್ತು ತರುವುದು ನಮ್ಮಲ್ಲಿ ಪುರಾತನ ಪದ್ಧತಿ. ಕಂಪನಿಯ ಅಪ್ಪಣೆಯಿಲ್ಲದ ದತ್ತಕ ನಡಿಯಂಗಿಲ್ಲ ಎಂದ ಧಾರವಾಡದ ಕಲೆಕ್ಟರ್ ಥ್ಯಾಕರೆ. ನಮ್ಮ ಸೂತ್ರವನ್ನು ನಮಗೇ ಹೇಳಲು ಬಂದವನು! ಮನೆಯೊಳಗಾದರೆ ತಲೆ ಬಗ್ಗಿಸಿ ಕೇಳುವ ಮಾತು. ಆದರೆ ಪೂರ್ವಪಕ್ಷದಲ್ಲಿ ಇದ್ದದ್ದು ರಾಣಿ ಚೆನ್ನಮ್ಮ. ‘ನಮ್ಮಾಗ’ ಎಂದರೆ ಯಾರೊಳಗೆ ಎಂಬ, ಅದುವರೆಗೆ ಯಾರೂ ಎತ್ತದಿದ್ದ ಆಕ್ಷೇಪ ಅಕ್ಟೋಬರ್ 23ರಂದು ಕೋಟೆಯ ಮುಂದೆ ಎದ್ದಿತು. ಥ್ಯಾಕರೆ ಅಲ್ಲೇ ಬಿದ್ದ. ಕಂಪನಿಯ ಖಂಡನಗ್ರಂಥ ಡಿಸೆಂಬರಿನಲ್ಲಿ ತೋಪುಗಳ ಮೇಲೆ ಬಂತು, ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ತೋಪನ್ನು ತಾರ್ಕಿಕರು ತಮ್ಮ ಪ್ರಮಾಣಗಳ ಪಟ್ಟಿಗೆ ಇನ್ನೂ ಸೇರಿಸಿಕೊಂಡಿಲ್ಲ.