ಆನಗೋಡು ಸೀಮೆಯ ಸರ್ವಭೂಚರ ವಾಹನ ಮೀಮಾಂಸೆ

1. ಪ್ರವೇಶಿಕೆ, ಅಥವಾ ಈ ಅಧ್ಯಯನದ ಚಾರಿತ್ರಿಕ ಜರೂರು

ಪ್ರಸ್ತುತ ಪ್ರಬಂಧವು ಆನಗೋಡು ಸೀಮೆಯ ರೈತ-ಅಸ್ಮಿತೆ ಹಾಗೂ ಚಕ್ರ-ಸಂಸ್ಕೃತಿಗಳ ನಡುವಣ ಮುಖಾಮುಖಿಯನ್ನು ವಾಹನ-ಸಂಕಥನದ ನೆಲೆಗಟ್ಟಿನಲ್ಲಿ ನಿರ್ವಚಿಸಿಕೊಳ್ಳಲು ಹೊರಟ ವಿನಮ್ರ ಅನುಸಂಧಾನ. ಈ ವಾಕ್ಯ ನನಗೂ ಅರ್ಥವಾಗಿಲ್ಲ. ಆದರೆ ಹಿಂದೊಮ್ಮೆ ದಾವಣಗೆರೆಯ ತಂಪು ಸಭಾಂಗಣವೊಂದರಲ್ಲಿ ಬೆಳಗ್ಗೆ ಹತ್ತರಿಂದ ಊಟದ ಗಂಟೆಯವರೆಗೆ ಇಂಥ ವಾಕ್ಯಗಳನ್ನೇ ಉಂಡು ಬಂದವನು ನಾನು. ಅಂದಿನ ವಿಷಯ: ಸಣ್ಣ ಹಿಡುವಳಿದಾರರಿಗೆ ಬಹೂಪಯೋಗಿ ವಾಹನದ ಆಯ್ಕೆ. ವಿದ್ವಾಂಸರು ಪರದೆಯ ಮೇಲೆ ನಾಲ್ಕು ದಪ್ಪ ಗಾಲಿಯ ಕೆಂಪು ಬಂಡಿ ಮೂಡಿಸಿದರು. ಎಟಿವಿ ಎಂದರು. ಹೊಲದ ಕೆಲಸಕ್ಕೂ ಸೈ, ಆಗೊಮ್ಮೆ ಈಗೊಮ್ಮೆ ವಿಹಾರಕ್ಕೂ ಸೈ ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ ನನ್ನ ಕಿವಿಗೆ ಬಾಯಿಟ್ಟು ಕೇಳಿದ:

"ತಮ್ಮಾ, ಇದು ಎತ್ತಿಗೆ ಹುಟ್ಟಿದ್ದೋ, ಟ್ರ್ಯಾಕ್ಟರಿಗೆ ಹುಟ್ಟಿದ್ದೋ?"

ಉತ್ತರ ಸಿಗಲಿಲ್ಲ. ಪ್ರಶ್ನೋತ್ತರಕ್ಕೆಂದು ಇಟ್ಟಿದ್ದ ಹತ್ತು ನಿಮಿಷವನ್ನು ವಂದನಾರ್ಪಣೆ ನುಂಗಿ ನೀರು ಕುಡಿದಿತ್ತು. ಆ ಬಾಕಿ ತೀರಿಸುವುದೇ ಈ ಪ್ರಬಂಧದ ಉದ್ದೇಶ. ವ್ಯಾಪ್ತಿ: ಆನಗೋಡಿನ ಸುತ್ತ ಒಂದು ಲೀಟರ್ ಪೆಟ್ರೋಲಿಗೆ ಹೋಗಿ ಬರುವಷ್ಟು ದೂರ. ಮಿತಿ: ಎರಡನೇ ಲೀಟರಿಗೆ ದುಡ್ಡಿರಲಿಲ್ಲ.

2. ಪಾರಿಭಾಷಿಕ ವಿವೇಚನೆ

'ಆಲ್ ಟೆರೈನ್ ವೆಹಿಕಲ್' ಎಂಬುದನ್ನು ವಿದ್ವಾಂಸರು 'ಸರ್ವಭೂಚರ ವಾಹನ' ಎಂದು ಕನ್ನಡಿಸಿದರು. ಯಾವ ನೆಲದಲ್ಲಾದರೂ ನಡೆಯುವುದು ಎಂದರ್ಥ. ನಮ್ಮ ಸೀಮೆಯಲ್ಲಿ ಈ ಲಕ್ಷಣಕ್ಕೆ ಸಲ್ಲುವ ವಾಹನ ಮೊದಲೇ ಒಂದಿದೆ. ಅದರ ಹೆಸರು ಎಕ್ಸೆಲ್ಲು. ಟಿವಿಎಸ್ ಕಂಪನಿಯದು. ಅದು ಮಸಾರಿ ಹೊಲದಲ್ಲಿ ಭೂಚರ, ಮಳೆಗಾಲದ ಎರೆ ಹೊಲದಲ್ಲಿ ಜಲಚರ, ಸರ್ವಿಸ್ ರಸ್ತೆಯ ಹಂಪಿನ ಮೇಲೆ ಖೇಚರ.

ಇಲ್ಲೊಂದು ವ್ಯಾಕರಣ ಸೂಕ್ಷ್ಮವಿದೆ. ಕೇಶಿರಾಜ ಇಂದು ಬದುಕಿದ್ದರೆ ಹೀಗೊಂದು ಸೂತ್ರ ಬರೆಯುತ್ತಿದ್ದನೇನೋ: ಪರದೇಶದ ವಾಹನ ನಮ್ಮ ಹೊಲಕ್ಕೆ ಇಳಿದ ಕೂಡಲೇ ಉಕಾರಾಂತವಾಗುತ್ತದೆ. ಬಸ್ಸು, ಕಾರು, ಟ್ರ್ಯಾಕ್ಟರು, ಎಕ್ಸೆಲ್ಲು. ಎಟಿವಿಯೋ ಇಕಾರಾಂತ. ಅದು ಟಿವಿಯ ಜಾತಿಗೆ ಸೇರಿದ್ದು, ಕೂತು ನೋಡಲಿಕ್ಕೆ ಮಾತ್ರ. ಹಾಗಾದರೆ ಲಾರಿ, ಗಾಡಿಗಳ ಗತಿ ಏನು ಎಂದು ಆಕ್ಷೇಪಿಸುವವರು ತಮ್ಮದೇ ಸಂಕಿರಣ ಏರ್ಪಡಿಸಿಕೊಳ್ಳಬಹುದು.

3. ಚಾರಿತ್ರಿಕ ಹಿನ್ನೆಲೆ

ಎಟಿವಿಯ ಕುಲ ದೊಡ್ಡದು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮೂರು ಗಾಲಿಯ ಬಂಡಿಯೊಂದನ್ನು ಮಾರಾಟಕ್ಕಿಟ್ಟಿತು. ಆ ಜಾತಿಯ ಬಂಡಿಗಳಿಗೆ ಮಗುಚುವ ಚಟವಿತ್ತು. ಜನ ಬಿದ್ದು ಸತ್ತರು, ಮಕ್ಕಳೂ ಸತ್ತರು. 1988ರಲ್ಲಿ ಅಲ್ಲಿಯ ಸರ್ಕಾರದೊಂದಿಗೆ ರಾಜಿಯಾಗಿ ಕಂಪನಿಗಳು ಮೂರು ಗಾಲಿಯ ಮಾರಾಟವನ್ನೇ ನಿಲ್ಲಿಸಿದವು. ಅಷ್ಟರೊಳಗೆ, 1982ರಲ್ಲಿ, ಸುಜುಕಿ ನಾಲ್ಕನೇ ಗಾಲಿ ಕೊಟ್ಟಾಗಿತ್ತು. ನ್ಯೂಜಿಲೆಂಡಿನ ಕುರಿಗಾಹಿಗಳು ಅದನ್ನೇ ಏರಿ ಗುಡ್ಡ ಸುತ್ತುತ್ತಾರೆ. ಅವರಿಗೆ ಅದು ಒಗ್ಗಿದೆ. ನನ್ನ ತಕರಾರು ಇರುವುದು ಪರದೆಯ ಜೊತೆ, ಬಂಡಿಯ ಜೊತೆಗಲ್ಲ.

ನಮ್ಮ ಕುಲ ಚಿಕ್ಕದು. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು, 2015ರಲ್ಲಿ ಅದೇ ವಂಶದ ಎಕ್ಸೆಲ್ 100 ಬಂತು. ಎಂಜಿನ್ನು 99.7 ಸಿಸಿ, ಟ್ಯಾಂಕು ನಾಲ್ಕು ಲೀಟರು. ದೊಡ್ಡಪ್ಪನ ಬಂಡಿಗೆ ಹಿಂದುಗಡೆ ಕಬ್ಬಿಣದ ಕ್ಯಾರಿಯರ್ ಬೆಸೆದುಕೊಟ್ಟವನು ಹರಿಹರದ ಒಬ್ಬ ಮುದುಕ ಮೇಸ್ತ್ರಿ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತು ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವನು. ಕಾರ್ಖಾನೆ ಮುಚ್ಚಿತು, ಕೈ ಮರೆಯಲಿಲ್ಲ. ದಾವಣಗೆರೆ-ಹರಿಹರ ಪ್ರಾಂತ್ಯದ ಯಾಂತ್ರೀಕರಣ ಚರಿತ್ರೆಯನ್ನು ನಾನು ಇಷ್ಟಕ್ಕೇ ಮುಗಿಸುತ್ತೇನೆ. ಉಳಿದದ್ದು ಆ ಕ್ಯಾರಿಯರಿನ ಬೆಸುಗೆಯಲ್ಲಿದೆ.

4. ಭಾರಮೀಮಾಂಸೆ

ಎಕ್ಸೆಲ್ಲು ಹೊರುವ ಭಾರ ನವವಿಧವಾದುದು.

ಅ. ಕ್ಷೀರಭಾರ. ಎರಡೂ ಮಗ್ಗುಲಿಗೆ ಹಾಲಿನ ಕ್ಯಾನು. ಹೋಗುವಾಗ ಸಮತೋಲ, ಬರುವಾಗ ಸದ್ದು.

ಆ. ತೃಣಭಾರ. ಹಸಿ ಹುಲ್ಲಿನ ಹೊರೆ. ಹಿಂದಿನಿಂದ ನೋಡಿದರೆ ಬಂಡಿಯೂ ಕಾಣದು, ಮನುಷ್ಯನೂ ಕಾಣನು. ಹುಲ್ಲೇ ಎದ್ದು ಹಟ್ಟಿಗೆ ಹೊರಟಂತಿರುತ್ತದೆ. ಕರ್ತೃವಿಲ್ಲದ ಕ್ರಿಯೆ ಎಂದು ವಿದ್ವಾಂಸರು ಕರೆಯುವುದು ಇದನ್ನೇ ಇರಬೇಕು.

ಇ. ಚೀಲಭಾರ. ಹಿಂದಿನ ಸೀಟು ಕಳಚಿ ಮನೆಯಲ್ಲಿಟ್ಟು, ಮುಂದೆ ಕಾಲಿಡುವ ಜಾಗದಲ್ಲಿ ಒಂದು ಚೀಲ ಯೂರಿಯಾ, ಹಿಂದೆ ಇನ್ನೊಂದು. ಹಳೇ ಟ್ಯೂಬು ಸೀಳಿ ಮಾಡಿದ ರಬ್ಬರಿನಿಂದ ಬಿಗಿತ. ಚೀಲವು 50 ಕಿಲೋದಿಂದ 45ಕ್ಕೆ ಇಳಿದದ್ದು 2018ರಲ್ಲಿ. ಎಕ್ಸೆಲ್ಲಿಗೆ ಸರ್ಕಾರ ತೋರಿದ ಕರುಣೆ ಅದೊಂದೇ, ಅದೂ ಗೊತ್ತಿಲ್ಲದೆ.

ಈ. ಕುಟುಂಬಭಾರ. ಮುಂದೆ ನಿಂತ ಮೊಮ್ಮಗ, ನಡುವೆ ದೊಡ್ಡಪ್ಪ, ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ದೊಡ್ಡಮ್ಮ, ಅವಳ ತೊಡೆಯ ಮೇಲೆ ಎಣ್ಣೆ ಹೊಡೆಯುವ ಪಂಪು.

ಉ. ಉಳಿದ ಐದು ಬಗೆಯಲ್ಲೂ ಅದೇ ಬಂಡಿ, ಅದೇ ಮನುಷ್ಯ, ಅದೇ ಸಾಲ. ವರ್ಗೀಕರಣ ಇಲ್ಲಿಗೆ ಸಾಕು.

5. ತೌಲನಿಕ ಅಧ್ಯಯನ

ಎಟಿವಿಗೆ ಲಕ್ಷಗಟ್ಟಲೆ ಬೇಕು. ಅಷ್ಟು ಸುರಿದು ತಂದರೂ ರಸ್ತೆ ನೋಂದಣಿ ಇಲ್ಲದ ಮಾದರಿಯಾದರೆ ಅದನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಆನಗೋಡಿನ ಪಕ್ಕದಲ್ಲೇ ಬೆಂಗಳೂರು-ಪುಣೆ ಹೆದ್ದಾರಿ ಹರಿಯುತ್ತದೆ. ಮನೆ ಆಚೆ, ಹೊಲ ಈಚೆ ಇದ್ದವನ ಗತಿ ಏನು? ಸರ್ವಭೂಚರವು ಎಲ್ಲ ನೆಲದಲ್ಲೂ ಓಡುತ್ತದೆ, ರಸ್ತೆಯೊಂದನ್ನು ಬಿಟ್ಟು. ಈ ಅಂಶ ಆ ದಿನ ಪರದೆಯ ಮೇಲೆ ಬರಲಿಲ್ಲ. ಬಂದದ್ದು ಬೆಟ್ಟದ ತುದಿಯಲ್ಲಿ ಕಪ್ಪು ಕನ್ನಡಕ ಹಾಕಿ ನಗುವ ಒಬ್ಬ ಯುವಕ. ಅವನ ಬಂಡಿಯ ಮೇಲೆ ಒಂದು ಚೀಲವೂ ಇರಲಿಲ್ಲ.

6. ವಿಹಾರ ಪ್ರಕರಣ

ಸಾಂದರ್ಭಿಕ ಮನರಂಜನೆಯ ಬಗ್ಗೆ ಕ್ಷೇತ್ರಕಾರ್ಯ ಕೈಗೊಂಡೆ. ಎಂದರೆ ದೊಡ್ಡಪ್ಪನನ್ನೇ ಕೇಳಿದೆ. ಅವನ ವಿಹಾರಗಳು ಇಷ್ಟು: ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ. ಊರಿಗೆ ನೆಂಟರ ಮಕ್ಕಳು ಬಂದರೆ ಆನಗೋಡಿನ ಕಿರು ಮೃಗಾಲಯ. ಮೆಕ್ಕೆಜೋಳ ಮಾರಿದ ದಿನ ಪೇಟೆಯಲ್ಲಿ ಒಂದು ಬೆಣ್ಣೆ ದೋಸೆ, ಇಲ್ಲವೇ ಮಂಡಕ್ಕಿ-ಮೆಣಸಿನಕಾಯಿ.

"ಇನ್ನೊಂದು ಐತಿ," ಅಂದ ದೊಡ್ಡಪ್ಪ. "ಗೊಬ್ಬರದಂಗಡಿ ಮುಂದ ಪಾಳಿ. ಬೆಳಗಿನಾಗ ಚಪ್ಪಲಿ ಇಟ್ಟು ಬಂದ್ರ ಮಧ್ಯಾಹ್ನಕ್ಕ ನಮ್ಮ ಪಾಳಿ. ಅದಕ್ಕಿಂತ ದೊಡ್ಡ ಪಿಕ್ನಿಕ್ಕು ಯಾವುದೈತಿ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಯಾಕೆಂದರೆ ಗೊಬ್ಬರ ಎನ್ನುವ ಮಾತನ್ನು ಆನಗೋಡಿನಲ್ಲಿ ಹಗುರವಾಗಿ ಆಡಲಿಕ್ಕಾಗದು. 1992ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದುಹಾಕಿತು. ಬೆಲೆ ಒಮ್ಮೆಗೇ ಏರಿತು. ಸೆಪ್ಟೆಂಬರ್ 13ರಂದು ಇಲ್ಲಿ ಹೋರಾಟಕ್ಕಿಳಿದಿದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಓಬೇನಹಳ್ಳಿಯ ಕಲ್ಲಿಂಗಪ್ಪ, ಸಿದ್ದನೂರಿನ ನಾಗರಾಜಾಚಾರ್ ಸತ್ತರು. ಆನಗೋಡಿನ ಬಳಿ ಅವರ ಸಮಾಧಿ ಇದೆ. ವರ್ಷವರ್ಷವೂ ಆ ದಿನ ರೈತರು ಅಲ್ಲಿ ಸೇರುತ್ತಾರೆ. ಸಂಕಿರಣದ ವಿದ್ವಾಂಸರು ಬಂದ ಕಾರು ಅದರ ಹತ್ತಿರದಿಂದಲೇ ಹಾದುಹೋಗಿರಬೇಕು.

7.

ಈ ಅಧ್ಯಾಯಕ್ಕೆ ಹೆಸರಿಟ್ಟಿಲ್ಲ. ಪರಿಭಾಷೆ ತೀರಿತು.

ಆ ದಿನದಿಂದ ನನ್ನನ್ನು ಚುಚ್ಚುತ್ತಿರುವುದು ಎಟಿವಿ ಅಲ್ಲ, 'ಆಯ್ಕೆ' ಎಂಬ ಮಾತು. ಯಾರ ಆಯ್ಕೆ? 2025-26ರಲ್ಲಿ ಮೆಕ್ಕೆಜೋಳಕ್ಕೆ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮಾಲು ಹೊತ್ತು ಮಾರುಕಟ್ಟೆಗೆ ಹೋದವನ ಕೈಗೆ ಹತ್ತಿದ್ದು ಅದಕ್ಕಿಂತ ನೂರಾರು ರೂಪಾಯಿ ಕಡಿಮೆ. ಬೀಜ, ಗೊಬ್ಬರ, ಎಣ್ಣೆ, ಆಳು, ಬಡ್ಡಿ ಎಲ್ಲ ಕಳೆದು ಏನು ಉಳಿಯುತ್ತದೋ ಅದು ಆರಿಸುತ್ತದೆ ಬಂಡಿಯನ್ನು. ಹೆಚ್ಚು ಉಳಿದರೆ ಟ್ರ್ಯಾಕ್ಟರು, ಕಡಿಮೆ ಉಳಿದರೆ ಎಕ್ಸೆಲ್ಲು, ಏನೂ ಉಳಿಯದಿದ್ದರೆ ಹೆಗಲು. ದೊಡ್ಡಪ್ಪ ತನ್ನ ಆಯುಷ್ಯದಲ್ಲಿ ಒಂದು ವಾಹನವನ್ನೂ ಆರಿಸಿಲ್ಲ. ಎತ್ತು ಮಾರಿದ ವರ್ಷ ಎಕ್ಸೆಲ್ಲು ಬಂತು. ಎತ್ತು ಮಾರಿದ್ದು ಯಾಂತ್ರೀಕರಣದ ಆಸೆಗಲ್ಲ, ಬೋರು ಬತ್ತಿ ಮೇವಿಲ್ಲದ್ದಕ್ಕೆ. ಸಂತೆಯಿಂದ ಹಿಂದಿರುಗಿದವನು ಎರಡು ದಿನ ಹಟ್ಟಿಯ ಕಡೆ ಮುಖ ಹಾಕಲಿಲ್ಲ. ಗೂಟಗಳನ್ನು ಇವತ್ತಿಗೂ ಕಿತ್ತಿಲ್ಲ. ಒಂದು ಗೂಟಕ್ಕೆ ಎಕ್ಸೆಲ್ಲು ಒರಗಿ ನಿಲ್ಲುತ್ತದೆ. ಇದು ಯಾವ ನೆಲೆಗಟ್ಟಿನ ಸಂಕಥನ, ಯಾರಾದರೂ ಹೇಳಲಿ.

8. ಫಲಿತ

ಸಂಕಿರಣದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸೆಣಬಿನ ಚೀಲ, ಪೆನ್ನು, ಕೆಂಪು ಬಂಡಿಯ ಚಿತ್ರವಿದ್ದ ದಪ್ಪನೆಯ ನುಣುಪು ಹಾಳೆ ಕೊಟ್ಟಿದ್ದರು. ಸೆಣಬಿನ ಚೀಲದಲ್ಲಿ ಈಗ ಪಂಪಿನ ನಾಜಲ್ಲುಗಳಿವೆ. ಪೆನ್ನು ಮೊಮ್ಮಗನ ಪಾಲಾಯಿತು. ಹಾಳೆ ಏನಾಯಿತೆಂದು ಮೊನ್ನೆ ಕಣ್ಣಾರೆ ಕಂಡೆ. ಗೊಬ್ಬರದಂಗಡಿಯ ಮುಂದೆ ದೊಡ್ಡಪ್ಪ ಚೀಲ ಏರಿಸುತ್ತಿದ್ದ. ಮೇಸ್ತ್ರಿ ಬೆಸೆದ ಕ್ಯಾರಿಯರಿನ ಒಂದು ಮೂಲೆ ಚೂಪಾಗಿದೆ, ಚೀಲ ಸೀಳುತ್ತದೆ. ದೊಡ್ಡಪ್ಪ ಸೀಟಿನಡಿಯಿಂದ ಆ ಹಾಳೆ ತೆಗೆದ. ನಾಲ್ಕು ಮಡಿಕೆ ಮಾಡಿದ್ದ. ಚೂಪು ಮೂಲೆಯ ಮೇಲಿಟ್ಟು, ಅದರ ಮೇಲೆ ಯೂರಿಯಾ ಕೂರಿಸಿ, ರಬ್ಬರು ಬಿಗಿದ.

"ಬೇಷ್ ಐತಿ ನೋಡು, ಹರಿಯಾಂಗಿಲ್ಲ," ಅಂದ.

ಆನಗೋಡಿನ ಹೊಲಕ್ಕೆ ಎಟಿವಿ ಬಂದದ್ದು ಹೀಗೆ, 45 ಕಿಲೋ ಅಡಿಯಲ್ಲಿ.